ಡೀಸೆಲ್ ಪಿಕಪ್: ಲಕ್ಷ ಕಿಲೋಮೀಟರ್ ದಾಟಿದ ಮೇಲಿನ ವಿಮರ್ಶೆ

ಕಾಮನ್ ರೈಲ್ ಟರ್ಬೊ ಡೀಸೆಲ್ ಎಂಜಿನ್, ಸೈಲೆನ್ಸರ್ ಸಾಲಿನಲ್ಲಿ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್), ಹಿಂದೆ ಲೀಫ್ ಸ್ಪ್ರಿಂಗ್, ಬೇಕಾದಾಗ ಹಾಕಿಕೊಳ್ಳುವ ಫೋರ್ ವೀಲ್ ಡ್ರೈವ್. ಈ ಜಾತಿಯ ಗಾಡಿಯ ಎಳೆತದ ಬಗ್ಗೆ ದೂರೇ ಇಲ್ಲ. ಖಾಲಿ ಇದ್ದಾಗ ಹಿಂಭಾಗ ಕುಣಿಯುತ್ತದೆ, ಅರ್ಧ ಲೋಡ್ ಬಿದ್ದರೆ ಸುಮ್ಮನಾಗುತ್ತದೆ. ಬಾಳಿಕೆ ಮಾತ್ರ ಓಡಿಸುವವರ ಕೈಯಲ್ಲಿದೆ. ಭಾರ ಹೊತ್ತು ಕೆಡುವ ಎಂಜಿನ್‌ಗಿಂತ ನಿಂತಲ್ಲೇ ಗುರುಗುಟ್ಟಿ, ನೀರು ಬೆರೆತ ಡೀಸೆಲ್ ಕುಡಿದು ಕೆಡುವುದೇ ಹೆಚ್ಚು.

ಹೊಸ ಗಾಡಿಯನ್ನು ಮೊದಲ 1,500 ಕಿ.ಮೀ. ನಾಜೂಕಾಗಿ ಓಡಿಸಬೇಕು ಎಂಬ ಮಾತು ಅರ್ಧ ಮಾತ್ರ ನಿಜ. ಪಿಸ್ಟನ್ ರಿಂಗುಗಳನ್ನು ಸಿಲಿಂಡರ್ ಗೋಡೆಗೆ ಒತ್ತಿ ಕೂರಿಸುವುದು ಉರಿಯುವ ಅನಿಲದ ಒತ್ತಡ. ಲೋಡ್ ಇಲ್ಲದೆ ಒತ್ತಡವಿಲ್ಲ. ಹೊಸ ಎಂಜಿನ್ನನ್ನು ಗಂಟೆಗಟ್ಟಲೆ ಐಡ್ಲಿಂಗಿನಲ್ಲಿ ಬಿಟ್ಟರೆ ಗೋಡೆಯ ಸಣ್ಣ ಗೀರುಗಳಲ್ಲಿ ಆಯಿಲ್ ಸುಟ್ಟು ಗಾಜಿನಂತೆ ನುಣುಪಾಗುತ್ತದೆ, ಆಮೇಲೆ ಗಾಡಿ ಆಯಿಲ್ ಕುಡಿಯುವುದು ನಿಲ್ಲುವುದಿಲ್ಲ. ಆದ್ದರಿಂದ ಎಂಜಿನ್ ಬಿಸಿಯಾದ ಮೇಲೆ ಮೂರನೇ, ನಾಲ್ಕನೇ ಗೇರಿನಲ್ಲಿ 1,500ರಿಂದ 2,500 ಆರ್‌ಪಿಎಂವರೆಗೆ ಹದವಾಗಿ ಎಳೆಸಿ, ಆಕ್ಸಿಲರೇಟರ್ ಬಿಟ್ಟು ಗೇರಿನಲ್ಲೇ ಇಳಿಯಲು ಬಿಡಿ. ಒಂದೇ ವೇಗದಲ್ಲಿ ನೂರು ಕಿ.ಮೀ. ಹೋಗಬೇಡಿ. ಪೆಡಲ್ ಪೂರ್ತಿ ತುಳಿಯುವುದೂ ಬೇಡ, ಟಾಪ್ ಗೇರಿನಲ್ಲಿ 1,200 ಆರ್‌ಪಿಎಂಗೆ ಇಳಿಸಿ ನರಳಿಸುವುದೂ ಬೇಡ.

ಟ್ರೇಲರ್ ಮಾತ್ರ ಮೊದಲ ಸಾವಿರ ಕಿ.ಮೀ. ಕಟ್ಟಬಾರದು. ಇಲ್ಲಿ ಚಿಂತೆ ಎಂಜಿನ್ನಿನದಲ್ಲ, ಹಿಂದಿನ ಡಿಫರೆನ್ಷಿಯಲ್‌ನದು, ಅಂದರೆ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳದು. ಅದರೊಳಗಿನ ಕ್ರೌನ್, ಪಿನಿಯನ್ ಗೇರುಗಳ ಹಲ್ಲುಗಳು ಒಂದಕ್ಕೊಂದು ಜಾರುತ್ತಾ ಕೂಡಿಕೊಳ್ಳುವ ಕಾಲ ಅದು, ಆಗ ಹುಟ್ಟುವ ಶಾಖ ಬಹಳ. ಕಂಪನಿ ಹೇಳದಿದ್ದರೂ ಮೊದಲ ಡಿಫರೆನ್ಷಿಯಲ್ ಆಯಿಲನ್ನು ಬೇಗನೇ, 5,000 ಕಿ.ಮೀ.ಗೆ, ಬದಲಿಸುವುದು ಒಳ್ಳೆಯದು. ಡ್ರೈನ್ ಪ್ಲಗ್ಗಿನ ಅಯಸ್ಕಾಂತ ನೋಡಿ: ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಹೆದರಬೇಕಿಲ್ಲ, ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ವಾರಂಟಿ ಇರುವಾಗಲೇ ತೋರಿಸಿ. ಆಯಿಲ್ ಬದಲಿಸುವಾಗ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ, ಆಮೇಲೆ ಡ್ರೈನ್. ಖಾಲಿ ಮಾಡಿದ ಮೇಲೆ ಫಿಲ್ಲರ್ ಬಿಚ್ಚಲು ಬಾರದಿದ್ದರೆ ಗಾಡಿ ಅಲ್ಲೇ ಉಳಿಯುತ್ತದೆ.

ವೀಲ್ ನಟ್ಟುಗಳನ್ನು 100 ಕಿ.ಮೀ. ಆದಮೇಲೆ, ಲೀಫ್ ಸ್ಪ್ರಿಂಗನ್ನು ಆಕ್ಸಲಿಗೆ ಹಿಡಿದಿಡುವ ಯು-ಬೋಲ್ಟ್‌ಗಳನ್ನು 1,000 ಕಿ.ಮೀ.ಗೆ ಟಾರ್ಕ್ ರೆಂಚಿನಲ್ಲಿ ಮತ್ತೆ ಬಿಗಿ ಮಾಡಿ. ಲೋಡ್ ಬಿದ್ದಾಗ ಸ್ಪ್ರಿಂಗ್ ಪಟ್ಟಿಗಳ ನಡುವಿನ ಬಣ್ಣ ಅಮುಕಿಹೋಗಿ ಬೋಲ್ಟ್ ಸಡಿಲವಾಗುತ್ತದೆ. ಹಾಗೇ ಬಿಟ್ಟರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜಾಗ ಬದಲಿಸುತ್ತದೆ.

ಈಗ ಡೀಸೆಲ್ ವಿಷಯ. ಇಂಜೆಕ್ಟರಿಗೆ ಹೋಗುವ ಡೀಸೆಲ್ಲಿನ ಒತ್ತಡ 2,000 ಬಾರ್ ಸುತ್ತಮುತ್ತ, ಅಲ್ಲಿ ಜಾರುಗುಣ ಕೊಡುವುದು ಡೀಸೆಲ್ಲೇ. ನೀರು ಸೇರಿದರೆ ಪಂಪ್ ಒಳಗೆ ಉಜ್ಜಿ ಲೋಹದ ಪುಡಿ ಏಳುತ್ತದೆ, ಆ ಪುಡಿ ರೈಲ್ (ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಹಂಚುವ ಕೊಳವೆ), ಇಂಜೆಕ್ಟರ್ ಎಲ್ಲಕ್ಕೂ ಹಬ್ಬುತ್ತದೆ. ಪಂಪ್ ಒಂದನ್ನೇ ಬದಲಿಸಿ ಬಚಾವಾಗುವಂತಿಲ್ಲ. ಡೀಸೆಲ್‌ನಲ್ಲಿ ನೀರಿದೆ ಎಂದು ತೋರಿಸುವ ವಾಟರ್ ಲೈಟ್ ಹತ್ತಲಿ ಎಂದು ಕಾಯದೆ 5,000 ಕಿ.ಮೀ.ಗೊಮ್ಮೆ ಡೀಸೆಲ್ ಫಿಲ್ಟರ್ ಕೆಳಗಿನ ಸ್ಕ್ರೂವನ್ನು ಎಂಜಿನ್ ತಣ್ಣಗಿದ್ದಾಗ ಒಂದು ಸುತ್ತು ಸಡಿಲಿಸಿ, ಸುಮಾರು 100 ಮಿ.ಲೀ. ಗಾಜಿನ ಬಾಟಲಿಗೆ ಇಳಿಸಿ, ಹತ್ತು ನಿಮಿಷ ಇಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ, ಬಾಟಲಿ ಓರೆ ಮಾಡಿದರೆ ಉಂಡೆಯಾಗಿ ಉರುಳುತ್ತದೆ. ಫಿಲ್ಟರ್ ಬದಲಿಸಿದಾಗ ಕ್ಯಾನಿನ ಡೀಸೆಲ್ಲನ್ನು ನಡುವಿನ ತೂತಿಗೆ ಸುರಿಯಬೇಡಿ. ಅದು ಸೋಸಿದ ಕಡೆ, ಸುರಿದ ಕಸ ನೇರ ಪಂಪಿಗೆ. ಒಳಗೆ ಸೇರಿದ ಗಾಳಿ ಹೋಗಲು ಕೈಪಂಪ್ ಇದ್ದರೆ ಗಟ್ಟಿಯಾಗುವ ತನಕ ಒತ್ತಿ. ಟ್ಯಾಂಕಿನಲ್ಲಿ ವಿದ್ಯುತ್ ಪಂಪ್ ಇರುವ ಗಾಡಿಯಾದರೆ ಕೀ ಆನ್ ಮಾಡಿ 30 ಸೆಕೆಂಡ್ ಬಿಟ್ಟು ಆಫ್ ಮಾಡಿ. ಮೂರು ಸಲ ಹೀಗೆ ಮಾಡಿದ ಮೇಲೆ ಸ್ಟಾರ್ಟ್.

ಡಿಪಿಎಫ್ ಬಗ್ಗೆ ಬೈಯುವವರೆಲ್ಲ ಹೆಚ್ಚಾಗಿ ಚಿಕ್ಕ ಚಿಕ್ಕ ಓಡಾಟದವರು. ಮಸಿ ತುಂಬಿದಾಗ ಅದನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡಲು ಎಂಜಿನ್ ಹೆಚ್ಚುವರಿ ಡೀಸೆಲ್ ಚಿಮುಕಿಸುತ್ತದೆ. ಐಡ್ಲಿಂಗ್ ಸ್ವಲ್ಪ ಏರುತ್ತದೆ, ಫ್ಯಾನ್ ಜೋರಾಗುತ್ತದೆ, ಸುಟ್ಟ ವಾಸನೆ ಬರುತ್ತದೆ. ಆಗ ಆಫ್ ಮಾಡಬೇಡಿ, ಇನ್ನೊಂದು 15-20 ನಿಮಿಷ ರಸ್ತೆಯಲ್ಲಿ ಓಡಿಸಿ ಮುಗಿಸಿ. ಅರ್ಧಕ್ಕೇ ನಿಲ್ಲಿಸುತ್ತಾ ಹೋದರೆ ಉರಿಯದ ಡೀಸೆಲ್ ರಿಂಗ್ ದಾಟಿ ಆಯಿಲಿಗೆ ಇಳಿಯುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಡಿಮೆಯಾಗಿದೆಯೇ ಎಂದಷ್ಟೇ ನೋಡುವುದು ಅಭ್ಯಾಸ. ಇಂಥ ಎಂಜಿನ್ನಿನಲ್ಲಿ ಮಟ್ಟ ಏರಿದೆಯೇ ಎಂದೂ ನೋಡಬೇಕು. ಮ್ಯಾಕ್ಸ್ ಗೆರೆ ದಾಟಿದ್ದರೆ ಕಿ.ಮೀ. ಲೆಕ್ಕ ಬಿಟ್ಟು ಆಯಿಲ್ ಬದಲಿಸಿ. ಆಯಿಲ್ ಕಪ್ಪಾಗುವುದು ಸಹಜ, ಅದು ದೋಷವಲ್ಲ. ಕಡಿಮೆ ಬೂದಿಯ ಆಯಿಲನ್ನೇ ಹಾಕಿ. ಮಸಿ ಸುಡುತ್ತದೆ, ಆಯಿಲಿನ ಬೂದಿ ಸುಡುವುದಿಲ್ಲ, ಡಿಪಿಎಫ್‌ನಲ್ಲೇ ಕೂರುತ್ತದೆ.

ಆಡ್‌ಬ್ಲೂ (ಹೊಗೆಯ ವಿಷ ತಗ್ಗಿಸಲು ಬೇರೆ ಟ್ಯಾಂಕಿಗೆ ಹಾಕುವ ದ್ರವ) ಬೇಕಾಗುವ ಗಾಡಿಯಾದರೆ, ಅದು 32.5% ಯೂರಿಯಾ ದ್ರಾವಣ. ಅದಕ್ಕೆ ನಲ್ಲಿ ನೀರು ಬೆರೆಸಬೇಡಿ. ತಪ್ಪಿ ಡೀಸೆಲ್ ಟ್ಯಾಂಕಿಗೆ ಸುರಿದುಬಿಟ್ಟರೆ ಕೀ ತಿರುಗಿಸಬೇಡಿ, ಟ್ಯಾಂಕ್ ಖಾಲಿ ಮಾಡಿಸಿ.

ಏರು ಹತ್ತಿ ಬಂದ ತಕ್ಷಣ ಎಂಜಿನ್ ನಿಲ್ಲಿಸದೆ ಒಂದು ನಿಮಿಷ ಐಡ್ಲಿಂಗಿನಲ್ಲಿಡಿ, ಟರ್ಬೊ ಬೇರಿಂಗಿನಲ್ಲಿ ಆಯಿಲ್ ಕರಕಲಾಗುವುದು ತಪ್ಪುತ್ತದೆ. ಒಂದೇ ನಿಮಿಷ ಸಾಕು, ಹತ್ತು ನಿಮಿಷ ಬೇಡ. ಫೋರ್ ವೀಲನ್ನು ಒಣ ಡಾಂಬರಿನ ಮೇಲೆ ಹಾಕಬೇಡಿ, ಆದರೆ ತಿಂಗಳಿಗೊಮ್ಮೆ ಮಣ್ಣು ರಸ್ತೆಯಲ್ಲಿ ಐದಾರು ಕಿ.ಮೀ. ಓಡಿಸಿ, ಇಲ್ಲವಾದರೆ ಬೇಕಾದ ದಿನ ಅದು ಬೀಳುವುದಿಲ್ಲ. ಏರ್ ಫಿಲ್ಟರಿಗೆ ಕಂಪ್ರೆಸರ್ ಗಾಳಿ ಹೊಡೆಯುವ ಚಾಳಿ ಬಿಡಿ, ಕಾಗದ ಹರಿದರೆ ಧೂಳು ನೇರ ಟರ್ಬೊಗೆ.

ಯಾವ ಸರ್ವಿಸ್ ಪಟ್ಟಿಯಲ್ಲೂ ಸಾಮಾನ್ಯವಾಗಿ ಕಾಣದ ಒಂದು ಕೆಲಸವಿದೆ. ಬಾಡಿಯ ಕೆಳಗೆ ಸ್ಟೆಪ್ನಿ ನೇತುಹಾಕುವ ಚೈನ್ ಅಥವಾ ಕೇಬಲ್ ಸದಾ ಕೆಸರು ತಿನ್ನುತ್ತಿರುತ್ತದೆ. ಆರು ತಿಂಗಳಿಗೊಮ್ಮೆ ಪೂರ್ತಿ ಇಳಿಸಿ ಗ್ರೀಸ್ ಹಚ್ಚಿ, ಟೈರಿಗೆ ಗಾಳಿ ತುಂಬಿ ಮತ್ತೆ ಏರಿಸಿ.