ಅಮ್ಮನ ಬೆಳಗಿನ ತಿಂಡಿ: ರಾಗಿ ಗಂಜಿಯೋ, ಹೆಸರುಕಾಳು ದೋಸೆಯೋ?

ರಾಗಿ ಶುಗರ್‌ಗೆ ಒಳ್ಳೇದು ಅಂತ ಹಾಸನದ ಕಡೆ ಯಾರನ್ನು ಕೇಳಿದರೂ ಹೇಳುತ್ತಾರೆ. ಅಮ್ಮನೂ ಅದನ್ನೇ ನಂಬಿಕೊಂಡು ದಿನಾ ಬೆಳಿಗ್ಗೆ ದೊಡ್ಡ ಲೋಟದ ತುಂಬ ರಾಗಿ ಗಂಜಿ ಕುಡಿಯುತ್ತಿದ್ದಳು. ಮಜ್ಜಿಗೆ, ಉಪ್ಪು ಅಷ್ಟೇ. ಬೆಲ್ಲ ಇಲ್ಲ, ಸಕ್ಕರೆ ಇಲ್ಲ. ಆದರೂ ತಿಂಡಿ ಆದಮೇಲಿನ ಶುಗರ್ ಇಳಿಯುತ್ತಲೇ ಇರಲಿಲ್ಲ.

ಸರಿ, ನೋಡೇಬಿಡೋಣ ಅಂತ ಗ್ಲೂಕೋಮೀಟರ್ ಇಟ್ಟುಕೊಂಡು ಕೂತೆ. ನಾಲ್ಕು ತಿಂಡಿ, ಒಂದೊಂದು ಮೂರು ದಿನ. ಮಾತ್ರೆ ಅದೇ, ಸಕ್ಕರೆ ಇಲ್ಲದ ಕಾಫಿ ಅದೇ. ಮೊದಲ ತುತ್ತಿನಿಂದ ಲೆಕ್ಕ ಹಿಡಿದು ಎರಡು ಗಂಟೆಗೆ ಬೆರಳು ಚುಚ್ಚುವುದು. ಖಾಲಿ ಹೊಟ್ಟೆಯ ಶುಗರ್ ಅಷ್ಟೂ ದಿನ 120ರಿಂದ 130ರ ಒಳಗೇ ಇತ್ತು.

ಗಂಜಿ ಕುಡಿದ ಮೂರೂ ದಿನ 210 ದಾಟಿತು. ಅಮ್ಮನಿಗೆ ಬೇಜಾರು, ಮೀಟರ್ ಮೇಲೆ ಅನುಮಾನ. "ನಿನ್ನ ಮಿಷಿನ್ನೇ ಕೆಟ್ಟಿರಬೇಕು ಕಣೇ" ಅಂದಳು. ಮಿಷಿನ್ ಸರಿಯಾಗೇ ಇತ್ತು. ನುಣ್ಣಗೆ ಬೀಸಿದ ಹಿಟ್ಟನ್ನು ತೆಳ್ಳಗೆ ಬೇಯಿಸಿ ಕುಡಿದರೆ ಅಗಿಯುವ ಕೆಲಸವೇ ಇಲ್ಲ, ಬೇಗ ಅರಗಿ ರಕ್ತಕ್ಕೆ ಸೇರುತ್ತದೆ. ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ನಿಜ. ಶುಗರ್ ಏರುವುದನ್ನು ನಿಧಾನ ಮಾಡುವ ಪ್ರೋಟೀನ್ ಮಾತ್ರ 100 ಗ್ರಾಂಗೆ ಸುಮಾರು 7 ಗ್ರಾಂ ಅಷ್ಟೇ. ಗಂಜಿಗೆ ಹಾಕುವ ಎರಡು ಚಮಚ ಹಿಟ್ಟಿನಲ್ಲಿ ಎಷ್ಟು ಬಂದೀತು?

ಓಟ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 190ರ ಆಸುಪಾಸು. ಮೂರನೇ ದಿನ ಅಮ್ಮ ಬಟ್ಟಲು ತಳ್ಳಿ, "ಪೋಸ್ಟರ್ ಅಂಟಿಸೋಕೆ ಚೆನ್ನಾಗಿರುತ್ತೆ" ಅಂದಳು.

ಎರಡು ಬೇಯಿಸಿದ ಮೊಟ್ಟೆ, ಒಂದು ಚಪಾತಿ, ಸೌತೆಕಾಯಿ: 150ರ ಹತ್ತಿರ. ಮೊಟ್ಟೆಯಿಂದಲೇ 12 ಗ್ರಾಂ ಪ್ರೋಟೀನ್, ಹತ್ತು ನಿಮಿಷದ ಕೆಲಸ. ಅಂಕಿ ನೋಡಿದರೆ ಗೆದ್ದದ್ದು ಇದೇ. ಆದರೆ ಅಮ್ಮ ಸೋಮವಾರ ಮುಟ್ಟುವುದಿಲ್ಲ, ಶನಿವಾರ ಮುಟ್ಟುವುದಿಲ್ಲ, ಶ್ರಾವಣ ಬಂದರೆ ತಿಂಗಳಿಡೀ ಇಲ್ಲ. ಹೀಗಾದರೆ ಲೆಕ್ಕ ಎಲ್ಲಿ ನಿಲ್ಲುತ್ತೆ ಹೇಳಿ.

ಕೊನೆಗೆ ಹೆಸರುಕಾಳು ದೋಸೆ. 50 ಗ್ರಾಂ ಕಾಳಿನಲ್ಲಿ 11 ಗ್ರಾಂ ಮೇಲೆ ಪ್ರೋಟೀನ್ ಇದೆ, ಎರಡು ದೋಸೆ ಆಗುತ್ತೆ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ, ಚಿಟಿಕೆ ಇಂಗು ಸೇರಿಸಿ ರುಬ್ಬಿದರೆ ಮುಗಿಯಿತು, ಹುದುಗು ಬರುವ ತನಕ ಕಾಯಬೇಕಾಗಿಲ್ಲ. ಇಂಗು ಬಿಡಬೇಡಿ, ಮೊದಲ ದಿನ ಬಿಟ್ಟು ಅಮ್ಮನ ಹೊಟ್ಟೆ ಉಬ್ಬರಿಸಿತ್ತು. ಮೊದಲ ದೋಸೆ ಕಾವಲಿಗೆ ಅಂಟಿ ಚೂರು ಚೂರಾಗಿ ಬಂತು. ಅಮ್ಮ ಸೌಟು ಕಿತ್ತುಕೊಂಡು, ಅರ್ಧ ಈರುಳ್ಳಿ ಎಣ್ಣೆಯಲ್ಲಿ ಅದ್ದಿ ಕಾವಲಿಗೆ ಉಜ್ಜಿದಳು. ಎರಡನೆಯದು ಹಸಿರು ಹಸಿರಾಗಿ, ಅಂಚು ಗರಿಗರಿಯಾಗಿ ಎದ್ದು ಬಂತು. ಜೊತೆಗೆ ಕಡಲೆಕಾಯಿ ಚಟ್ನಿ. ಶುಗರ್ 152, 158. ಮೂರನೇ ದಿನ ಮಾತ್ರ 174. ವಿಚಾರಿಸಿದರೆ, ಗರಿಗರಿ ಇನ್ನಷ್ಟು ಬರಲಿ ಅಂತ ಅಮ್ಮ ಗುಟ್ಟಾಗಿ ಒಂದು ಹಿಡಿ ಅಕ್ಕಿ ನೆನೆಹಾಕಿದ್ದಳು!

ನನ್ನ ಓಟು ದೋಸೆಗೇ. ಮೊಟ್ಟೆಗಿಂತ ಕೆಲಸ ಜಾಸ್ತಿ, ಆದರೆ ಅಮ್ಮ ತಾನೇ ಎದ್ದು ಮಾಡಿಕೊಂಡು ತಿನ್ನುವುದು ಇದೊಂದನ್ನೇ.

ನೀವು ಮಾಡಿ ನೋಡುವುದಾದರೆ ಒಂದು ಮಾತು. ಪ್ರೋಟೀನ್ ಜಾಸ್ತಿ ಮಾಡುವ ಮೊದಲು ನಾವು ಕ್ರಿಯಾಟಿನಿನ್ ಪರೀಕ್ಷೆ (ಕಿಡ್ನಿ ಹೇಗಿದೆ ಅಂತ ನೋಡುವ ರಕ್ತ ಪರೀಕ್ಷೆ) ಮಾಡಿಸಿ ಡಾಕ್ಟರನ್ನು ಕೇಳಿದ್ದೆವು. ಕಿಡ್ನಿ ಸೋತವರಿಗೆ ಈ ಲೆಕ್ಕವೇ ಬೇರೆ. ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನ, ರಾಗಿಯನ್ನು ದಿಢೀರ್ ಅಂತ ಕಡಿಮೆ ಮಾಡಿದರೆ ಶುಗರ್ ಅಪಾಯ ಆಗುವಷ್ಟು ಇಳಿಯಬಹುದು, ಅವರೂ ಮೊದಲು ಕೇಳಿಯೇ ಶುರು ಮಾಡಬೇಕು.

ರಾಗಿಯನ್ನೇನೂ ಮನೆಯಿಂದ ಓಡಿಸಿಲ್ಲ. ಮಧ್ಯಾಹ್ನಕ್ಕೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಮುದ್ದೆ, ತಟ್ಟೆ ತುಂಬ ಸೊಪ್ಪು, ಕಾಳಿನ ಸಾರು. ಮುಂದಿನ ವಾರ ಹುರಳಿಕಾಳು ದೋಸೆ ಮಾಡೋಣ ಅಂದೆ. "ಈ ಬಿಸಿಲಲ್ಲಿ ಹುರಳಿನಾ? ಉಷ್ಣ ಕಣೇ" ಅಂತ ಅಮ್ಮ ಆಗಲೇ ರಾಗ ತೆಗೆದಿದ್ದಾಳೆ.