ವಾರಾಂತ್ಯದ ರೈಫಲ್ ತರಬೇತಿ: ಹೋಗಬಹುದಾ?

ಹೋಗಬಹುದು. ಆದರೆ ಎರಡು ದಿನ ಢಂ ಢಂ ಅಂತ ಗುಂಡು ಹಾರಿಸೋ ಆಸೆಗೆ ಮಾತ್ರ ಹೋಗಬೇಡಿ, ನಿರಾಸೆ ಆಗುತ್ತದೆ. ಶನಿವಾರ ಮಧ್ಯಾಹ್ನದವರೆಗೆ ಬರೀ ಪಾಠ, ಮತ್ತೆ ಖಾಲಿ ರೈಫಲ್ಲಿನ ಅಭ್ಯಾಸ. ನಳಿಗೆ ಯಾವಾಗಲೂ ಟಾರ್ಗೆಟ್ ಕಡೆಗೇ ಇರಬೇಕು, ಗುರಿ ಹಿಡಿಯುವ ತನಕ ಬೆರಳು ಟ್ರಿಗರ್ ಮೇಲೆ ಹೋಗಬಾರದು, ಜನ ಟಾರ್ಗೆಟ್ ನೋಡಲು ಮುಂದೆ ಹೋದಾಗ ರೈಫಲ್ ಮುಟ್ಟಲೇಬಾರದು. ಇದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಬೋರು ಹೊಡೆಸಿದರೂ ಸರಿ, ಹೇಳಲೇಬೇಕು ಅಲ್ವಾ.

ಕೊಟ್ಟ ದುಡ್ಡು ವಸೂಲಾಗಿದ್ದು ಮಲಗಿ ಹೊಡೆಯುವ ಪಾಠದಲ್ಲಿ. ರೈಫಲ್ಲಿಗೆ ಕಟ್ಟಿರುವ ಬೆಲ್ಟನ್ನು ತೋಳಿಗೆ ಬಿಗಿಯಾಗಿ ಸುತ್ತಿದರೆ ರೈಫಲ್ಲಿನ ಭಾರ ಮಾಂಸಖಂಡದ ಮೇಲಲ್ಲ, ಮೂಳೆಯ ಮೇಲೆ ಕೂರುತ್ತದೆ. ಆಮೇಲೆ ಗುರಿ ಹಿಡಿದು, ಕಣ್ಣು ಮುಚ್ಚಿ, ನಾಲ್ಕಾರು ಸಲ ಉಸಿರಾಡಿ ಕಣ್ಣು ಬಿಡಬೇಕು. ಗುರಿ ಪಕ್ಕಕ್ಕೆ ಸರಿದಿದ್ದರೆ ಕೈಯಿಂದ ಎಳೆದು ತರುವ ಹಾಗಿಲ್ಲ. ಎಡ ಮೊಣಕೈ ಇದ್ದಲ್ಲೇ ಇಟ್ಟು, ಸೊಂಟ ಕಾಲು ಎಲ್ಲ ಸೇರಿಸಿ ಇಡೀ ಮೈಯನ್ನೇ ಸ್ವಲ್ಪ ತಿರುಗಿಸಬೇಕು. ಇಷ್ಟೇ ಬದಲಾವಣೆಗೆ ಟಾರ್ಗೆಟ್ ತುಂಬ ಚೆದುರಿದ್ದ ತೂತುಗಳು ಒಂದೇ ಕಡೆ ಗುಂಪು ಸೇರುತ್ತವೆ.

ಇನ್ನೊಂದು ಮಜಾ ಅಭ್ಯಾಸ. ನಮಗೆ ಕಾಣದ ಹಾಗೆ ತರಬೇತುದಾರರೇ ಗುಂಡು ತುಂಬಿ ಕೊಡುತ್ತಾರೆ, ಮಧ್ಯೆ ಮಧ್ಯೆ ಡಮ್ಮಿ, ಅಂದರೆ ಸಿಡಿಯದ ನಕಲಿ ಗುಂಡು, ಹಾಕಿರುತ್ತಾರೆ. ಡಮ್ಮಿ ಬಂದಾಗ ಬರೀ 'ಟಕ್' ಅನ್ನುತ್ತದೆ, ನಳಿಗೆ ಮಾತ್ರ ತಾನಾಗಿ ಕೆಳಗೆ ಬಾಗುತ್ತದೆ! ಸದ್ದಿಗೆ ಮೈ ಮೊದಲೇ ಬೆದರುವುದು ಎಲ್ಲರೆದುರೇ ಗೊತ್ತಾಗಿಬಿಡುತ್ತದೆ.

ಸ್ಕೋಪ್ (ರೈಫಲ್ ಮೇಲೆ ಕೂರಿಸಿದ, ಗುರಿ ನೋಡುವ ದುರ್ಬೀನು) ಹೊಂದಿಸುವ ಲೆಕ್ಕವನ್ನೂ ಚೆನ್ನಾಗಿ ಬಿಡಿಸಿ ಹೇಳಿದರು. ಒಂದು ಮಿನಿಟ್ ಕೋನ (ಒಂದು ಡಿಗ್ರಿಯಲ್ಲಿ ಅರವತ್ತನೇ ಒಂದು ಪಾಲು) ಅಂದರೆ 100 ಮೀಟರಿನಲ್ಲಿ ಸುಮಾರು 2.9 ಸೆಂಟಿಮೀಟರ್. ತಿರುಪು ಒಂದು ಕ್ಲಿಕ್ ತಿರುಗಿಸಿದರೆ ಕಾಲು ಮಿನಿಟ್ ಸರಿಯುವ ಸ್ಕೋಪ್ ಆದರೆ 25 ಮೀಟರಿನಲ್ಲಿ ಒಂದು ಕ್ಲಿಕ್ಕಿಗೆ ಎರಡು ಮಿಲಿಮೀಟರಿಗಿಂತ ಸ್ವಲ್ಪ ಕಡಿಮೆ. ಗುಂಡುಗಳು 3 ಸೆಂಟಿಮೀಟರ್ ಎಡಕ್ಕೆ ಬೀಳುತ್ತಿದ್ದರೆ 16 ಕ್ಲಿಕ್ ಬಲಕ್ಕೆ ತಿರುಗಿಸಿ, ಮುಗೀತು. ಸುಮ್ನೆ ಅಂದಾಜಿನಲ್ಲಿ ತಿರುಗಿಸುತ್ತಾ ಗುಂಡು ದಂಡ ಮಾಡಬೇಕಿಲ್ಲ.

ತಕರಾರು ಇಲ್ಲ ಅಂತಲ್ಲ. ಜನ ಜಾಸ್ತಿ, ಹೇಳಿಕೊಡುವವರು ಕಡಿಮೆ, ಹಾಗಾಗಿ ಮೆತ್ತಗಿದ್ದವರ ಸರದಿ ತಡವಾಗಿ ಬರುತ್ತಿತ್ತು. ಎಲ್ಲಕ್ಕಿಂತ ಕಷ್ಟದ್ದು ನಿಂತು ಹೊಡೆಯುವುದು. ಅದನ್ನು ಭಾನುವಾರ ಸಂಜೆ, ಎಲ್ಲರೂ ಸುಸ್ತಾದ ಮೇಲೆ, ಗಡಿಬಿಡಿಯಲ್ಲಿ ಮುಗಿಸಿಬಿಟ್ಟರು. ಶನಿವಾರದ ಭಾಷಣ ಅರ್ಧ ಕತ್ತರಿಸಿದ್ದರೂ ಇದಕ್ಕೆ ಸಮಯ ಸಿಗುತ್ತಿತ್ತು.

ಹೋಗುವವರು ದಪ್ಪ ಚಾಪೆ, ತುಂಬುತೋಳಿನ ಅಂಗಿ ಇಟ್ಟುಕೊಳ್ಳಿ, ಮೊಣಕೈ ತರಚುತ್ತದೆ. ಕಾಲರ್ ಗುಂಡಿ ಹಾಕಿಕೊಳ್ಳಿ, ಪಕ್ಕದವರ ರೈಫಲ್ಲಿನಿಂದ ಹಾರಿದ ಬಿಸಿ ಕೇಸು (ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೊಳವೆ) ಕುತ್ತಿಗೆಯೊಳಗೆ ಬಿದ್ದರೆ ಕುಣಿಯಬೇಕಾಗುತ್ತದೆ. ಅಲ್ಲಿ ಕೊಡುವ ದೊಡ್ಡ ಇಯರ್ ಮಫ್ ಮಲಗಿದಾಗ ರೈಫಲ್ಲಿಗೆ ತಾಗಿ ಸರಿಯುತ್ತದೆ, ಒಳ್ಳೆಯ ಇಯರ್ ಪ್ಲಗ್ ನೀವೇ ಒಯ್ಯಿರಿ. ಎಡಗೈಯವರಾದರೆ ಮೊದಲೇ ವಿಚಾರಿಸಿ. ನಾನು ಹೋದ ಕಡೆ ಅವರಿಗೆ ಹೊಂದುವ ರೈಫಲ್ಲೇ ಇರಲಿಲ್ಲ, ಪಾಪ ಒಬ್ಬರು ಎರಡೂ ದಿನ ಬೋಲ್ಟ್ (ಪ್ರತಿ ಗುಂಡಿಗೂ ಎಳೆದು ತಳ್ಳುವ ಹಿಡಿ) ಎಳೆಯಲು ಒದ್ದಾಡಿದರು.