ಹೊಲಿಗೆ ಮಷಿನ್ ಪಕ್ಕದ ರೇಡಿಯೋ ಡಬ್ಬಿ: ನಾಲ್ಕು ವರ್ಷ ಬಳಸಿದ ಮೇಲೆ

ಇದನ್ನು ತಗೊಂಡಿದ್ದು 2021ರ ಶ್ರಾವಣದಲ್ಲಿ. ದಾವಣಗೆರೆ ಪೇಟೆಯ ಒಂದು ಅಂಗಡಿಯಲ್ಲಿ 1,250 ಅಂದವರನ್ನು ಚೌಕಾಸಿ ಮಾಡಿ 1,100ಕ್ಕೆ ಇಳಿಸಿದೆ. ಇಟ್ಟಿಗೆಯ ಅರ್ಧದಷ್ಟಿದೆ. ಎಫ್‌ಎಂ ಬರುತ್ತೆ, ಬ್ಲೂಟೂತ್ ಇದೆ, ಮೆಮೊರಿ ಕಾರ್ಡ್ ಹಾಕಬಹುದು, ಪೆನ್‌ಡ್ರೈವ್ ಚುಚ್ಚಬಹುದು. ಇಂಥವು ಹತ್ತಾರು ಹೆಸರಲ್ಲಿ ಸಿಗುತ್ತವೆ, ಒಳಗಿನ ಮಾಲು ಹೆಚ್ಚುಕಮ್ಮಿ ಒಂದೇ ಅಂತ ರಿಪೇರಿಯವರೇ ಹೇಳುತ್ತಾರೆ. ಹಾಗಾಗಿ ಹೆಸರು ಬರೆಯುತ್ತಿಲ್ಲ.

ನನ್ನದು ಬ್ಲೌಸ್ ಹೊಲಿಯುವ ಕೆಲಸ. ನಿಟ್ಟುವಳ್ಳಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಕೈ, ಕಾಲು, ಕಣ್ಣು ಮೂರನ್ನೂ ಮಷಿನ್ ತಗೊಂಡು ಬಿಡುತ್ತೆ. ನನಗೆ ಅಂತ ಉಳಿಯೋದು ಕಿವಿ ಮಾತ್ರ. ಮೊಬೈಲ್‌ನಲ್ಲಿ ಇಂಗ್ಲಿಷ್ ಪಾಠ ಕೇಳಬಹುದಿತ್ತು, ಆದರೆ ಗಿರಾಕಿ ಫೋನ್ ಬಂದಾಗಲೆಲ್ಲ ಪಾಠ ನಿಲ್ಲುತ್ತೆ, ಆಮೇಲೆ ಕೈ ಸುಮ್ನೆ ಇರದೆ ಬೇರೆ ಏನೋ ನೋಡುತ್ತೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್‌ಗೆ ನನಗೆ ಬಂದದ್ದು 38. ಓದಿದರೆ ಒಂದಿಷ್ಟು ತಿಳಿಯುತ್ತೆ, ಯಾರಾದರೂ ಮಾತಾಡಿದರೆ ಒಂದೂ ತಿಳಿಯಲ್ಲ. ಅದನ್ನು ಸರಿ ಮಾಡ್ಕೋಬೇಕು ಅನ್ನೋ ಹಟಕ್ಕೆ ಈ ಡಬ್ಬಿ ಬಂತು.

ಮೊದಲು ವಸ್ತುವಿನ ವಿಚಾರ ಮುಗಿಸಿಬಿಡುತ್ತೇನೆ. ಹಾಡಿಗೆ ಇದು ಅಷ್ಟಕ್ಕಷ್ಟೇ, ತಬಲಾ ಬಂದರೆ ತಗಡು ಬಡಿದ ಹಾಗಿರುತ್ತೆ. ಮಾತಿಗೆ ಮಾತ್ರ ಚೆನ್ನಾಗಿದೆ. ಮಷಿನ್ ಗಡಗಡ ಅಂತಿದ್ದರೂ ಮಾತು ಎದ್ದು ಕೇಳುತ್ತೆ. ಎಫ್‌ಎಂನಲ್ಲಿ ಚಿತ್ರದುರ್ಗ ಆಕಾಶವಾಣಿಯ 102.6 ಕಿಟಕಿ ಹತ್ತಿರ ಇಟ್ಟರೆ ಬರುತ್ತೆ, ಒಳಗೆ ತಂದರೆ ಗೊರಗೊರ. ಮಷಿನ್‌ಗೆ ಮೋಟಾರ್ ಹಾಕಿಸಿದ ಮೇಲೆ ಪೆಡಲ್ ಒತ್ತಿದಾಗಲೆಲ್ಲ ಇನ್ನೊಂದು ಕರ್ರ್ ಸೇರಿಕೊಂಡಿತು. ಬ್ಯಾಟರಿ ಮೊದಲ ವರ್ಷ ಐದು ಗಂಟೆ ಬರುತ್ತಿತ್ತು, ಎರಡನೇ ವರ್ಷ ಮೂರು. 2023ರಲ್ಲಿ ಅದು ಉಬ್ಬಿ ಹಿಂದಿನ ಮುಚ್ಚಳ ಎದ್ದು ಬಂತು. ಉಬ್ಬಿದ್ದನ್ನು ಒತ್ತಿ ಮತ್ತೆ ಬಳಸಬೇಡಿ, ಬೆಂಕಿ ಹತ್ತುತ್ತೆ. 150 ರೂಪಾಯಿಗೆ ಬೇರೆ ಹಾಕಿ ಕೊಟ್ಟರು. ಇನ್ನು ಆನ್ ಮಾಡಿದ ತಕ್ಷಣ ಒಬ್ಬಾಕೆ ‘ದಿ ಬ್ಲೂಟೂತ್ ಡಿವೈಸ್ ಈಸ್ ರೆಡಿ ಟು ಪೇರ್’ ಅಂತ ಕಿರುಚುತ್ತಾಳಲ್ಲ, ಅದನ್ನು ತಗ್ಗಿಸುವ ದಾರಿ ಇಲ್ಲವೇ ಇಲ್ಲ. ಬೆಳಗ್ಗೆ ಆರಕ್ಕೆ ಇಡೀ ಓಣಿಗೆ ಕೇಳುತ್ತೆ.

ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ಇದಕ್ಕೆ ನೆನಪಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಮತ್ತೆ ಮೊದಲನೇ ಫೈಲ್‌ನಿಂದ ಶುರು. ಹತ್ತು ಸೆಕೆಂಡ್ ಹಿಂದೆ ಹೋಗುವ ಗುಂಡಿಯೂ ಇಲ್ಲ. ಒಂದು ಮಾತು ತಪ್ಪಿದರೆ ಪೂರ್ತಿ ಫೈಲ್ ಮತ್ತೆ ಕೇಳಬೇಕು. ಭಾಷೆ ಕಲಿಯೋಕೆ ಅಂತ ತಗೊಳ್ಳುವವರು ಇದೊಂದನ್ನು ಅಂಗಡಿಯಲ್ಲೇ ನಿಂತು ಪರೀಕ್ಷೆ ಮಾಡಿ.

ಇನ್ನು ಕಲಿಕೆ. ಮೊದಲ ಆರು ತಿಂಗಳು ವ್ಯರ್ಥ ಅಂತಲೇ ಹೇಳಬೇಕು. ‘ಕಿವಿಗೆ ಬೀಳ್ತಾ ಇದ್ರೆ ಸಾಕು, ತಾನಾಗೇ ಬರುತ್ತೆ’ ಅಂತ ಎಲ್ಲರೂ ಹೇಳುತ್ತಿದ್ದರು. ಸರಿ ಅಂತ ದಿನಾ ಎರಡು ಗಂಟೆ ಇಂಗ್ಲಿಷ್ ವಾರ್ತೆ ಹಾಕಿದೆ. ಏನೂ ಬರಲಿಲ್ಲ. ಮಳೆ ಸದ್ದು ಕೇಳಿದ ಹಾಗೆ ಕೇಳಿಸಿಕೊಂಡೆ ಅಷ್ಟೇ. ರಾತ್ರಿ ತಲೆ ಹತ್ತಿರ ಇಟ್ಟು ಮಲಗಿಯೂ ನೋಡಿದೆ. ಬೆಳಗಾದರೆ ಚಾರ್ಜ್ ಖಾಲಿ, ಯಜಮಾನರ ಮುಖ ಕೆಂಪು.

ಮಗಳು ಬಿ.ಎಡ್. ಸೇರಿದ ಮೇಲೆ ಅವಳ ಪುಸ್ತಕದಲ್ಲಿ ಒಂದು ಮಾತು ಸಿಕ್ಕಿತು. ಸ್ಟೀಫನ್ ಕ್ರಾಶನ್ ಅನ್ನೋ ಅಮೆರಿಕದ ಭಾಷಾ ವಿದ್ವಾಂಸರದ್ದು. ಅರ್ಥ ಆಗುವ ಮಾತು ಕೇಳಿದರೆ ಮಾತ್ರ ಭಾಷೆ ಬರುತ್ತೆ, ಅದು ನಮಗೆ ಬರೋದಕ್ಕಿಂತ ಒಂದೇ ಮೆಟ್ಟಿಲು ಮೇಲಿರಬೇಕು ಅಂತ. ನಾನು ಹತ್ತು ಮೆಟ್ಟಿಲು ಮೇಲಿನದಕ್ಕೆ ಕಿವಿ ಕೊಟ್ಟು ಕೂತಿದ್ದೆ. ಈ ವಿಷಯ ಡಬ್ಬಿ ಜೊತೆ ಕೊಡೋ ಚೀಟಿಯಲ್ಲಿ ಬರೆದಿರಬೇಕಿತ್ತು ನೋಡಿ.

ಆಮೇಲೆ ಕಾರ್ಡ್ ಪೂರ್ತಿ ಬದಲಾಯಿತು. ಬಿಬಿಸಿಯವರ ‘6 ಮಿನಿಟ್ ಇಂಗ್ಲಿಷ್’ ಮಗಳೇ ಹಾಕಿಕೊಟ್ಟಳು. ಇಬ್ಬರು ಮಾತಾಡುತ್ತಾರೆ, ಶುರುವಿನಲ್ಲಿ ಒಂದು ಪ್ರಶ್ನೆ ಕೇಳಿ ಕೊನೆಯಲ್ಲಿ ಉತ್ತರ ಹೇಳುತ್ತಾರೆ, ನಡುವೆ ಹೊಸ ಪದಗಳ ಅರ್ಥ ಬಿಡಿಸುತ್ತಾರೆ. ಒಂದು ಬ್ಲೌಸ್‌ಗೆ ಹುಕ್ಸ್ ಹಾಕಿ ಮುಗಿಸೋ ಹೊತ್ತಿಗೆ ಒಂದು ಪಾಠ ಆಗುತ್ತೆ. ಅಮೆರಿಕದವರದ್ದೂ ಒಂದಿತ್ತು. ವಾಯ್ಸ್ ಆಫ್ ಅಮೆರಿಕ ರೇಡಿಯೋ 1959ರಲ್ಲೇ ಸುಮಾರು 1,500 ಪದಗಳಷ್ಟೇ ಬಳಸಿ, ನಿಧಾನವಾಗಿ ಓದುವ ಇಂಗ್ಲಿಷ್ ವಾರ್ತೆ ಶುರು ಮಾಡಿತ್ತಂತೆ. ಅದರ ಹಳೆಯ ಕಂತುಗಳೂ ಕಾರ್ಡ್‌ನಲ್ಲಿವೆ. ಮೊದಲು ಅದು, ಆಮೇಲೆ ಬಿಬಿಸಿ. ನನಗೆ ಹಿಡಿಸಿದ ಕ್ರಮ ಇದು.

ಇಲ್ಲಿ ಒಂದು ತಮಾಷೆ. ಒಂದು ಪಾಠದಲ್ಲಿ ‘ವಾಡ್ಯವಾನಡೂ’ ಅಂತ ಬರುತ್ತಿತ್ತು. ಯಾವುದೋ ಊರಿನ ಹೆಸರು ಅಂದುಕೊಂಡಿದ್ದೆ. ಡಬ್ಬಿಗೆ ನೆನಪಿಲ್ಲ ಅಂದೆನಲ್ಲ, ಆ ಪಾಠವೇ ಮೊದಲನೇ ಫೈಲ್. ದಿನಕ್ಕೆ ಮೂರು ಸಲ ಆನ್ ಮಾಡಿದರೆ ಮೂರು ಸಲ ಅದೇ ಊರು. ಮಗಳನ್ನು ಕೇಳಿದರೆ ಅವಳು ಕಾಗದದಲ್ಲಿ ಬರೆದು ತೋರಿಸಿದಳು: ‘ವಾಟ್ ಡು ಯು ವಾಂಟ್ ಟು ಡು.’ ಆರೂ ಪದ ನನಗೆ ಐದನೇ ಕ್ಲಾಸಿನಿಂದ ಗೊತ್ತು! ಬಿಡಿಬಿಡಿಯಾಗಿ ಗೊತ್ತಿತ್ತು, ಒಟ್ಟಿಗೆ ಕಲಸಿ ಕೊಟ್ಟಾಗ ಗುರುತು ಸಿಗಲಿಲ್ಲ. ಬರೆದದ್ದನ್ನು ನೋಡಿದ ಮೇಲೆ ಅದೇ ಫೈಲ್ ಕೇಳಿದರೆ ಒಂದೊಂದು ಪದವೂ ಬೇರೆಬೇರೆ ಕೇಳಿಸಿತು. ಹೊಲಿಗೆ ಬಿಚ್ಚಿದಾಗ ಬಟ್ಟೆ ತುಂಡು ತುಂಡಾಗಿ ಕೈಗೆ ಬರುತ್ತಲ್ಲ, ಹಾಗೆ. ಓದೋಕೆ ಬಂದರೂ ಕೇಳೋಕೆ ಯಾಕೆ ಬರಲ್ಲ ಅನ್ನೋದು ಅವತ್ತು ತಿಳಿಯಿತು.

ಇನ್ನೊಂದೂ ತಿಳಿಯಿತು. ನನಗೆ ಅತಿ ಚೆನ್ನಾಗಿ ಅರ್ಥ ಆಗುತ್ತಿದ್ದುದು ಆ ಮೊದಲನೇ ಫೈಲ್ ಮಾತ್ರ. ನೂರಾರು ಸಲ ಬೈಕೊಂಡು ಕೇಳಿದ್ದೆನಲ್ಲ! ಆಗ ಮಗಳು ಒಂದು ಉಪಾಯ ಮಾಡಿದಳು. ಪ್ರತಿ ಭಾನುವಾರ ಒಂದು ಹೊಸ ಪಾಠಕ್ಕೆ ‘001’ ಅಂತ ಹೆಸರು ಕೊಟ್ಟು ಕಾರ್ಡ್‌ಗೆ ಹಾಕುವುದು. ವಾರವಿಡೀ ಆನ್ ಮಾಡಿದಾಗಲೆಲ್ಲ ಅದೇ ಬರುತ್ತೆ. ಡಬ್ಬಿಯ ರೋಗವೇ ನನಗೆ ಔಷಧಿ ಆಯಿತು. ಆದರೂ ಇದನ್ನು ಒಳ್ಳೆಯ ಗುಣ ಅಂತ ಲೆಕ್ಕಕ್ಕೆ ಹಿಡಿಯಬೇಡಿ, ಮಗಳು ಇಲ್ಲದಿದ್ದರೆ ಗೋಡೆಗೆ ಎಸೀತಿದ್ದೆ.

ಈಗ ಈ ಡಬ್ಬಿಯ ಎರಡನೇ ಕೇಳುಗಳ ಕಥೆ. 2022ರ ದೀಪಾವಳಿ ಸೀಸನ್‌ಗೆ ಹೆಮ್ಮಿಂಗ್, ಹುಕ್ಸ್ ಕೆಲಸಕ್ಕೆ ಒಬ್ಬ ಹುಡುಗಿ ಬಂದಳು. ಬಿಹಾರದವಳು, ಗಂಡ ಟೈಲ್ಸ್ ಕೆಲಸ ಮಾಡುತ್ತಾನೆ. ಅವಳಿಗೆ ಕನ್ನಡದ ಒಂದಕ್ಷರ ಬರಲ್ಲ, ನನ್ನ ಹಿಂದಿ ‘ಇಧರ್ ಆವ್’ ಮಟ್ಟದ್ದು. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಚಿತ್ರದುರ್ಗ ಆಕಾಶವಾಣಿ ಹಾಕಿರುತ್ತಿದ್ದೆ. ಮೂರು ತಿಂಗಳು ಅವಳು ಬಾಯೇ ಬಿಡಲಿಲ್ಲ. ಏನು ಹೇಳಿದರೂ ತಲೆ ಆಡಿಸೋದು, ನಗೋದು. ‘ಇವಳೇನು ಮೂಗೀನಾ?’ ಅಂತ ಗಿರಾಕಿಗಳು ಕೇಳಿದ್ದೂ ಉಂಟು. ಅವಳ ಎದುರಿಗೇ.

ಒಂದು ದಿನ ಮದುವೆ ಮನೆಯ ಹೆಂಗಸೊಬ್ಬರು ಬಂದು, ಬುಧವಾರ ಕೊಡ್ತೀನಿ ಅಂದಿದ್ರಿ, ಇನ್ನೂ ತೋಳೇ ಹಚ್ಚಿಲ್ಲ ಅಂತ ಜಗಳ ತೆಗೆದರು. ನನಗೂ ನೆನಪಿಲ್ಲ. ತಡವರಿಸುತ್ತಾ ಇದ್ದೆ. ಮೂಲೆಯಲ್ಲಿ ಕೂತಿದ್ದ ಇವಳು ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು, ‘ಇಲ್ಲಕ್ಕ, ನೀವೇ ಶುಕ್ರವಾರ ಅಂದಿದ್ರಿ’ ಅಂದಳು. ಅಷ್ಟು ಉದ್ದದ ಮಾತು, ಒಂದೂ ತಪ್ಪಿಲ್ಲದೆ. ಆಯಮ್ಮ ಗಪ್‌ಚಿಪ್. ನಾನೂ ಗಪ್‌ಚಿಪ್. ಮಗಳು ರಾತ್ರಿ ಹೇಳಿದಳು, ಹೊಸ ಭಾಷೆಯ ನಡುವೆ ಬಂದವರು ಕೆಲವು ಕಾಲ ಹೀಗೆ ಸುಮ್ಮನಿದ್ದು ಕೇಳಿಸಿಕೊಳ್ಳೋದು ಸಾಮಾನ್ಯವಂತೆ.

ನನಗೆ ಆರು ತಿಂಗಳಲ್ಲಿ ಬಾರದ್ದು ಅವಳಿಗೆ ಮೂರೇ ತಿಂಗಳಲ್ಲಿ ಹೇಗೆ ಬಂತು? ರೇಡಿಯೋ ಇಬ್ಬರಿಗೂ ಒಂದೇ. ಅವಳ ಎದುರಿಗೆ ಆ ಭಾಷೆಯಲ್ಲೇ ಮಾತಾಡುವ ಗಿರಾಕಿಗಳಿದ್ದರು, ಅದೇ ವ್ಯತ್ಯಾಸ. ‘ತೋಳು ಅರ್ಧ ಇಂಚು ಇಳಿಸ್ರಿ’ ಅನ್ನುವಾಗ ಅವರ ಕೈ ತೋಳಿನ ಮೇಲೇ ಇರುತ್ತೆ. ‘ಬೆನ್ನು ಆಳ ಆತು’ ಅನ್ನುವಾಗ ತಿರುಗಿ ಬೆನ್ನು ತೋರಿಸುತ್ತಾರೆ. ಮಾತಿನ ಅರ್ಥ ಕಣ್ಣ ಮುಂದೆಯೇ ಇರುತ್ತೆ. ‘ನಾಳೆ ಬಂದ್ತಗಂಡೋಗ್ರಿ’ ಅನ್ನೋದು ಮೊದಲು ಅವಳಿಗೆ ಒಂದೇ ಪದವಾಗಿತ್ತಂತೆ, ನನ್ನ ವಾಡ್ಯವಾನಡೂ ಹಾಗೆ. ರೇಡಿಯೋದಲ್ಲಿ ‘ಬಂದು’ ಬೇರೆ, ‘ತೆಗೆದುಕೊಂಡು’ ಬೇರೆ, ‘ಹೋಗಿ’ ಬೇರೆ ಕೇಳಿದ ಮೇಲೆ ಗಂಟು ಬಿಚ್ಚಿತು. ಅಂದರೆ ಅಂಗಡಿಯಲ್ಲಿ ಅರ್ಥ ಸಿಗುತ್ತಿತ್ತು, ರೇಡಿಯೋದಲ್ಲಿ ಪದ ಬಿಡಿಸಿ ಸಿಗುತ್ತಿತ್ತು.

ರೇಡಿಯೋದ ಉಪದ್ರವವೂ ಇತ್ತು ಅನ್ನಿ. ಗಿರಾಕಿ ಟೈಮ್ ಕೇಳಿದರೆ ‘ಈಗ ಸಮಯ ಹನ್ನೊಂದು ಗಂಟೆ ಹತ್ತು ನಿಮಿಷ’ ಅಂತ ಉದ್ಘೋಷಕರ ರಾಗದಲ್ಲೇ ಹೇಳುತ್ತಿದ್ದಳು. ನಿಟ್ಟುವಳ್ಳಿಯಲ್ಲಿ ಯಾರು ಹಾಗೆ ಮಾತಾಡುತ್ತಾರೆ?

ಅವಳಿಗೆ ತುಂಬಾ ಕಾಡಿದ್ದು ‘ಬೆಲೆ’, ‘ಬೆಳೆ’, ‘ಬೇಳೆ’. ಹಿಂದಿಯಲ್ಲಿ ಏ, ಓ ಯಾವಾಗಲೂ ಉದ್ದ. ನಮ್ಮ ಗಿಡ್ಡ ಎ, ಒ ಅಲ್ಲಿ ಬೇರೆ ಅಕ್ಷರವೇ ಅಲ್ಲ. ಅವರ ಬರಹದ ಹಿಂದಿಯಲ್ಲಿ ಳ ಕೂಡ ಇಲ್ಲ. ಹಾಗಾಗಿ ಮೂರೂ ಅವಳ ಬಾಯಲ್ಲಿ ‘ಬೇಲೆ’. ಕಿರಾಣಿ ಅಂಗಡಿಗೆ ಹೋಗಿ ಸಕ್ಕರೆ ತೋರಿಸಿ ‘ಬೇಲೆ ಎಷ್ಟು’ ಅಂದರೆ ಅವರು ತೊಗರಿಬೇಳೆ ರೇಟು ಹೇಳಿ ಕಳಿಸಿದ್ದರು. ಬಾಯಿ ತಿರುಗಿಸೋದು ಹೇಗೆ ಅಂತ ನಾನು ಎಷ್ಟು ಹೇಳಿಕೊಟ್ಟರೂ ಆಗಲಿಲ್ಲ. ತೊಂದರೆ ಬಾಯಲ್ಲಿ ಇರಲಿಲ್ಲ, ಕಿವಿಯಲ್ಲಿತ್ತು. ಮೂರರ ವ್ಯತ್ಯಾಸ ಅವಳಿಗೆ ಕೇಳಿಸುತ್ತಲೇ ಇರಲಿಲ್ಲ.

ಇದಕ್ಕೂ ಮಗಳ ಹತ್ತಿರ ಒಂದು ಕಥೆ ಇತ್ತು. ಜಪಾನಿಯರಿಗೆ ಇಂಗ್ಲಿಷಿನ ರ, ಲ ಎರಡೂ ಒಂದೇ ಥರ ಕೇಳಿಸುತ್ತವಂತೆ. 1991ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರು ಹಲವು ಜನರ ದನಿಯಲ್ಲಿ ಹಲವು ಪದ ಕೇಳಿಸಿ, ಸರಿ ತಪ್ಪು ಹೇಳುತ್ತಾ ಹೋದಾಗ ಅವರ ಕಿವಿ ಸುಧಾರಿಸಿತಂತೆ. ಒಬ್ಬರದೇ ದನಿ ಸಾಲದು ಅನ್ನೋದು ಅದರ ಮುಖ್ಯ ಪಾಠ. ನಾವೂ ಮಾಡಿದೆವು. ನಾನು, ಮಗಳು, ಯಜಮಾನರು, ನಮ್ಮತ್ತೆ, ಎದುರು ಮನೆ ಹುಡುಗ, ಐದು ಜನ ಆ ಮೂರು ಪದಗಳನ್ನು ಅದಲುಬದಲಾಗಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕಾರ್ಡ್‌ಗೆ ಹಾಕಿದೆವು. ಅವಳು ಹುಕ್ಸ್ ಹಾಕ್ತಾ ‘ದುಡ್ಡು’, ‘ಹೊಲ’, ‘ಸಾರು’ ಅಂತ ಉತ್ತರ ಹೇಳಬೇಕು. ತಪ್ಪಿದರೆ ನಾನು ಕತ್ತರಿಯಿಂದ ಟೇಬಲ್ ಕುಟ್ಟುತ್ತಿದ್ದೆ. ಒಂದೂವರೆ ತಿಂಗಳು ಹಿಡಿಯಿತು. ನಮ್ಮತ್ತೆಗೆ ಹಲ್ಲಿಲ್ಲ, ಅವರ ‘ಬೆಳೆ’ ಇವತ್ತಿಗೂ ಅವಳಿಗೆ ಅನುಮಾನವೇ.

ಮಕ್ಕಳಿಗೆ ಅಂತ ಇಂಥ ಡಬ್ಬಿ ತಗೊಳ್ಳುವವರಿಗೆ ಒಂದು ಮಾತು. ಎಳೆ ಕೂಸಿನ ತೊಟ್ಟಿಲ ಪಕ್ಕ ಇಂಗ್ಲಿಷ್ ಪದ್ಯ ಹಾಕಿಟ್ಟು, ಇಂಗ್ಲಿಷ್ ಬರುತ್ತೆ ಅಂತ ಕಾಯುವವರು ನನ್ನ ಗಿರಾಕಿಗಳಲ್ಲೇ ಇದ್ದಾರೆ. 2003ರಲ್ಲಿ ಪೆಟ್ರೀಷಿಯಾ ಕೂಲ್ ಅನ್ನೋ ಅಮೆರಿಕದ ವಿಜ್ಞಾನಿ ಮತ್ತು ಅವರ ಜೊತೆಯವರು ಇದನ್ನೇ ಪರೀಕ್ಷೆ ಮಾಡಿದ್ದರು. ಒಂಬತ್ತು ತಿಂಗಳ ಅಮೆರಿಕದ ಕೂಸುಗಳಿಗೆ 12 ಸಲ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಎದುರಿಗೆ ಕೂತು ಆಡಿಸುತ್ತಾ ಮಾತಾಡಿದಾಗ ಕೂಸುಗಳು ಆ ಭಾಷೆಯ ಸದ್ದುಗಳ ವ್ಯತ್ಯಾಸ ಹಿಡಿದವು. ಅದೇ ಮಾತನ್ನು ಟೀವಿಯಲ್ಲಿ, ಬರೀ ರೆಕಾರ್ಡ್‌ನಲ್ಲಿ ಕೇಳಿಸಿದಾಗ ಏನೂ ಹಿಡಿಯಲಿಲ್ಲ. ಕೂಸಿಗೆ 1,100 ರೂಪಾಯಿ ಖರ್ಚು ಮಾಡಬೇಡಿ. ಅಜ್ಜಿ ಹತ್ತಿರ ಬಿಡಿ.

ನಾಲ್ಕು ವರ್ಷಕ್ಕೆ ನನಗೆ ಬಂದದ್ದು ಎಷ್ಟು ಅಂತ ಕೇಳಿದರೆ, ಬಿಬಿಸಿ ಪಾಠ ಒಂದೇ ಸಲ ಕೇಳಿದರೂ ಮುಕ್ಕಾಲು ಪಾಲು ಸಿಗುತ್ತೆ. ಸಾದಾ ವಾರ್ತೆಯಲ್ಲಿ ಯಾವ ವಿಷಯ ಅಂತ ತಿಳಿಯುತ್ತೆ, ವಿವರ ಜಾರುತ್ತೆ. ಇಂಗ್ಲಿಷ್ ಸಿನಿಮಾ ಇನ್ನೂ ಮಳೆ ಸದ್ದೇ. ಮಾತಾಡೋಕೆ ಬರಲ್ಲ, ಯಾಕೆಂದರೆ ಮಾತಾಡುವವರು ಸಿಕ್ಕಿಲ್ಲ. ಆ ವಿಷಯದಲ್ಲಿ ಬಿಹಾರದ ಹುಡುಗಿ ನನಗಿಂತ ಪುಣ್ಯವಂತೆ. ಅವಳಿಗೆ ದಿನಕ್ಕೆ ಇಪ್ಪತ್ತು ಮೇಷ್ಟರು, ಅದೂ ಬಿಟ್ಟಿಯಾಗಿ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಒಂದು ಅಂಕ ನೆನಪಿಲ್ಲದ್ದಕ್ಕೆ, ಇನ್ನೊಂದು ಆ ಬ್ಲೂಟೂತ್ ಹೆಂಗಸಿಗೆ ಕಡಿದೆ. ಈಗ ಆ್ಯಂಟೆನಾ ಮುರಿದಿದೆ. ಮೊನ್ನೆ ಸೀರೆ ಹ್ಯಾಂಗರ್‌ನ ತಂತಿ ಬಿಚ್ಚಿ ಬುಡಕ್ಕೆ ಸುತ್ತಿ, ಇನ್ನೊಂದು ತುದಿಯನ್ನು ಕಿಟಕಿಗೆ ಸಿಕ್ಕಿಸಿದ್ದೇವೆ. ಚಿತ್ರದುರ್ಗ ಮೊದಲಿಗಿಂತ ಚೆನ್ನಾಗಿ ಬರುತ್ತಿದೆ. ‘ಅಕ್ಕ, ಹೊಸಾದು ತಗೊಂಡ್ರೆ ಬೆಲೆ ಎಷ್ಟಾಗುತ್ತೆ?’ ಅಂತ ಅವಳು ಕೇಳಿದಳು. ಸರಿಯಾಗಿ ‘ಬೆಲೆ’ ಅಂದಳು.